ಮಕ್ಕಳಿಗೆ ಮನೆಯಲ್ಲಿ ಸಂಗೀತ: ರಾಗವೋ, ವೀತರಾಗವೋ?

‘ರಾಗ’ ಎಂಬ ಒಂದೇ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳಿವೆ. ಸಂಗೀತಶಾಸ್ತ್ರದಲ್ಲಿ ಅದು ಮನಸ್ಸನ್ನು ರಂಜಿಸುವ ಸ್ವರವಿನ್ಯಾಸ. ಜಿನಾಗಮದಲ್ಲಿ ಅದು ಜೀವವನ್ನು ಕರ್ಮಕ್ಕೆ ಕಟ್ಟಿಹಾಕುವ ಆಸಕ್ತಿ. ನಾವು ಆರಾಧಿಸುವ ಭಗವಂತನಾದರೋ ವೀತರಾಗನು. ಹೀಗಿರಲು ಶ್ರಾವಕರ ಮನೆಯಲ್ಲಿ ಎಳೆಯ ಮಕ್ಕಳಿಗೆ ರಾಗತಾಳಗಳನ್ನು ಕಲಿಸುವುದು ಉಚಿತವೇ? ಉಚಿತವೆಂದಾದರೆ ಯಾವ ಉದ್ದೇಶದಿಂದ, ಯಾವ ರೀತಿಯಿಂದ ಕಲಿಸಬೇಕು? ಉತ್ಸವದ ಈ ಶುಭಸಂದರ್ಭದಲ್ಲಿ ಪಾಲಕರೆಲ್ಲರೂ ವಿಚಾರಿಸಬೇಕಾದ ಪ್ರಶ್ನೆಯಿದು.

ಆಕ್ಷೇಪವೇನೂ ಸಣ್ಣದಲ್ಲ. ಇಂದ್ರಿಯಗಳ ಸೆಳೆತಕ್ಕೆ ಹಿರಿಯರು ಐದು ದೃಷ್ಟಾಂತಗಳನ್ನು ಹೇಳುತ್ತಾರೆ. ಸ್ಪರ್ಶಕ್ಕೆ ಆನೆ, ರಸಕ್ಕೆ ಮೀನು, ಗಂಧಕ್ಕೆ ದುಂಬಿ, ರೂಪಕ್ಕೆ ಪತಂಗ, ಶಬ್ದಕ್ಕೆ ಜಿಂಕೆ. ಬೇಡನ ಗಾನಕ್ಕೆ ಮೈಮರೆತ ಜಿಂಕೆ ಅವನ ಬಲೆಗೆ ಬೀಳುತ್ತದೆ. ಇಂದು ಆ ಬಲೆ ನಮ್ಮ ಅಂಗೈಯ ಮೊಬೈಲಿನಲ್ಲಿಯೇ ಇದೆ. ಅಳುವ ಕೂಸಿನ ಮುಂದೆ ಹಾಡು ಹಚ್ಚಿಟ್ಟು ನಾವು ನಮ್ಮ ಕೆಲಸಕ್ಕೆ ಹೋಗುತ್ತೇವೆ. ಕೂಸು ಸುಮ್ಮನಾಗುತ್ತದೆ. ಆದರೆ ಅದು ಕೇಳುತ್ತಿದೆಯೇ, ಮೈಮರೆತಿದೆಯೇ ಎಂದು ನಾವು ನೋಡುವುದಿಲ್ಲ.

ಇದಕ್ಕೆ ಉತ್ತರವನ್ನು ನಮ್ಮ ಪುರಾಣದಲ್ಲಿಯೇ ಹುಡುಕಬಹುದು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಆದಿದೇವನು ತನ್ನ ಮಕ್ಕಳಿಗೆ ತಾನೇ ಗುರುವಾಗುತ್ತಾನೆ. ಬ್ರಾಹ್ಮಿಗೆ ಲಿಪಿ, ಸುಂದರಿಗೆ ಅಂಕ, ಭರತನಿಗೆ ಅರ್ಥಶಾಸ್ತ್ರ ಮತ್ತು ನೃತ್ಯಶಾಸ್ತ್ರ, ವೃಷಭಸೇನನಿಗೆ ಗೀತವಾದ್ಯಗಳ ಗಾಂಧರ್ವಶಾಸ್ತ್ರ. ಅಕ್ಷರ, ಅಂಕಗಳ ಸಾಲಿನಲ್ಲಿಯೇ ಸಂಗೀತಕ್ಕೂ ಸ್ಥಾನ ದೊರೆತಿದೆ. ಕಲಿಸಿದವನು ತಂದೆ, ಕಲಿತ ಸ್ಥಳ ಮನೆ. ಅದೇ ಕಥೆಯಲ್ಲಿ ನೀಲಾಂಜನೆಯ ನೃತ್ಯವೂ ಬರುತ್ತದೆ. ಕ್ರಿ.ಶ. 941ರಲ್ಲಿ ಪಂಪನು ಕನ್ನಡದಲ್ಲಿ ರಚಿಸಿದ ಆದಿಪುರಾಣದಲ್ಲಿಯೂ ಅದು ಪ್ರಸಿದ್ಧ ಸಂದರ್ಭ. ನರ್ತಿಸುತ್ತಿದ್ದಂತೆಯೇ ನೀಲಾಂಜನೆಯ ಆಯುಷ್ಯ ಮುಗಿಯುತ್ತದೆ. ಇಂದ್ರನು ಕೂಡಲೇ ಅವಳಂತೆಯೇ ಇರುವ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆ ನೃತ್ಯಕ್ಕೆ ಮರುಳಾಗಿ ಈ ವ್ಯತ್ಯಾಸವನ್ನು ಅರಿಯದು. ಎಚ್ಚರದಿಂದ ನೋಡುತ್ತಿದ್ದ ಆದಿದೇವನು ಮಾತ್ರ ಅರಿತನು, ವೈರಾಗ್ಯ ತಾಳಿದನು. ಕಲೆ ಒಂದೇ, ಮೈಮರೆತವರಿಗೆ ಅದು ಬಂಧನ, ಎಚ್ಚೆತ್ತವನಿಗೆ ಬಿಡುಗಡೆಯ ಬಾಗಿಲು.

ವೃಷಭಸೇನನ ಮುಂದಿನ ಕಥೆಯೂ ಮನನೀಯವಾದುದು. ಭಗವಂತನಿಗೆ ಕೇವಲಜ್ಞಾನವಾದ ಬಳಿಕ ದಿವ್ಯಧ್ವನಿಯನ್ನು ಗ್ರಹಿಸಿದ ಮೊದಲ ಗಣಧರನು ಇವನೇ. ಬಾಲ್ಯದಲ್ಲಿ ತಂದೆಯಿಂದ ಸ್ವರವನ್ನು ಕೇಳಲು ಕಲಿತ ಮಗನೇ ಮುಂದೆ ತಂದೆಯ ಧರ್ಮವಾಣಿಗೆ ಮೊದಲ ಕಿವಿಯಾದನು. ಈ ಎರಡು ಸಂಗತಿಗಳನ್ನು ಜೋಡಿಸಿ ನೋಡಿದಾಗ ಮನೆಯ ಸಂಗೀತಪಾಠದ ಗುರಿ ಸ್ಪಷ್ಟವಾಗುತ್ತದೆ. ‘ಶ್ರಾವಕ’ ಎಂಬ ಮಾತಿಗೇ ಕೇಳುವವನು ಎಂಬ ಅರ್ಥವಿದೆ. ಮಗುವನ್ನು ಗಾಯಕನನ್ನಾಗಿ ಮಾಡುವುದು ಎಲ್ಲರಿಗೂ ಸಾಧ್ಯವಾಗದು. ಶ್ರಾವಕನನ್ನಾಗಿ, ಅಂದರೆ ಕೇಳಬಲ್ಲವನನ್ನಾಗಿ ಮಾಡುವುದು ಎಲ್ಲ ಮನೆಗಳಿಗೂ ಸಾಧ್ಯ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು ಮೊದಲು ಎತ್ತಿ ಹೇಳುತ್ತದೆ. ಶ್ರುತಿಗೆ ಕಿವಿಗೊಟ್ಟು ತನ್ನ ದನಿಯನ್ನು ಅದಕ್ಕೆ ಹೊಂದಿಸಿಕೊಳ್ಳುವ ಮಗು ಅಪ್ರಮಾದದ ಮೊದಲ ಪಾಠವನ್ನು ಅರಿಯದೆಯೇ ಕಲಿಯುತ್ತದೆ. ಪಕ್ಕದವರ ದನಿಗೆ ಕಿವಿಗೊಡಬಲ್ಲವನು ನಾಳೆ ಪಕ್ಕದವರ ನೋವಿಗೂ ಕಿವಿಗೊಟ್ಟಾನು.

ಇಲ್ಲಿ ಒಂದು ಧರ್ಮಸಂಕಟವುಂಟು. ಮಗು ಅಪಸ್ವರದಲ್ಲಿ ಹಾಡಿದರೆ ಏನು ಹೇಳಬೇಕು? “ನಿನಗೆ ಕಂಠವಿಲ್ಲ, ಸುಮ್ಮನಿರು” ಎಂದ ಒಂದು ಮಾತಿಗೆ ಜೀವಮಾನವಿಡೀ ಬಾಯಿ ಕಟ್ಟಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಬಸದಿಯಲ್ಲಿ ಆರತಿಯ ವೇಳೆಗೂ ಅವರ ತುಟಿ ಮಾತ್ರ ಅಲುಗುತ್ತದೆ. ಹಾಗೆಂದು ತಪ್ಪಿದ್ದನ್ನು ಚೆನ್ನಾಗಿದೆ ಎಂದರೆ ಅದು ಅಸತ್ಯವಾಗದೇ? ಶ್ರಾವಕನ ಸತ್ಯಾಣುವ್ರತವನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂದಿದ್ದಾರೆ. ಸುಳ್ಳು ಹೊಗಳಿಕೆಯೂ ಬೇಡ, ಕಟುಸತ್ಯವೂ ಬೇಡ. “ಇನ್ನೊಮ್ಮೆ ಕೂಡಿ ಹಾಡೋಣ, ಬಾ” ಎಂದು ಸರಿಯಾದ ಸ್ವರವನ್ನು ಮೆಲ್ಲಗೆ ಹಾಡಿ ಕೇಳಿಸಿದರೆ ಸತ್ಯವೂ ಉಳಿಯಿತು, ಅಹಿಂಸೆಯೂ ಉಳಿಯಿತು. ಎಷ್ಟೋ ವೇಳೆ ತಪ್ಪು ಮಗುವಿನದಾಗಿರುವುದೂ ಇಲ್ಲ. ಮಕ್ಕಳ ದನಿ ಸಹಜವಾಗಿ ಎತ್ತರದ್ದು. ತಂದೆಯ ತಗ್ಗಿದ ಶ್ರುತಿಗೆ ಅದು ಇಳಿಯಲಾರದು. ಮಗುವಿನ ಶ್ರುತಿಗೆ ದೊಡ್ಡವರು ಹೊಂದಿಕೊಂಡರೆ ಅರ್ಧ ಅಪಸ್ವರ ತಾನಾಗಿಯೇ ಮಾಯವಾಗುತ್ತದೆ.

ಮನೆಯ ಪಾಠಕ್ಕೆ ವಿಶೇಷ ಸಾಧನಗಳೇನೂ ಬೇಕಿಲ್ಲ. ಸಂಜೆಯ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಸಾಕು. ಮೊದಲು ತಂಬೂರಿಯ ನಾದವನ್ನು ಸುಮ್ಮನೆ ಕೇಳಿಸಬೇಕು. ಆಮೇಲೆ ದೊಡ್ಡವರು ಒಂದು ಸಾಲು ಹೇಳಿ ಮಗುವಿನಿಂದ ಹೇಳಿಸಬೇಕು. ಕೈಯಲ್ಲಿ ತಾಳ ಹಾಕಿಸಬೇಕು. ಮಗು ದಣಿಯುವ ಮೊದಲೇ ನಿಲ್ಲಿಸಬೇಕು. ಮೊದಲ ಪಾಠಕ್ಕೆ ನಮೋಕಾರ ಮಂತ್ರಕ್ಕಿಂತ ಮಿಗಿಲಾದುದಿಲ್ಲ. ಐದು ಪದಗಳು, ಮೂವತ್ತೈದು ಅಕ್ಷರಗಳು. ಯಾವ ವ್ಯಕ್ತಿಯ ಹೆಸರೂ ಅದರಲ್ಲಿಲ್ಲ, ಯಾವ ಬೇಡಿಕೆಯೂ ಇಲ್ಲ. ಮೊದಲ ಉಸಿರಿಗೆ ಎರಡು ಪದ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಕೊನೆಯ ಪದ ಎಂದು ಮೂರು ಉಚ್ಛ್ವಾಸಗಳಲ್ಲಿ ಅದನ್ನು ಜಪಿಸುವ ಕ್ರಮವುಂಟು. ಕಾಯೋತ್ಸರ್ಗದಲ್ಲಿ ಒಂಬತ್ತು ಸಲ ಜಪಿಸಿದರೆ ಇಪ್ಪತ್ತೇಳು ಉಚ್ಛ್ವಾಸಗಳಾಗುತ್ತವೆ. ಉಸಿರನ್ನು ಅಳೆದು ಬಳಸುವುದೇ ಗಾಯನದ ತಳಹದಿ. ನಮ್ಮ ಪೂರ್ವಾಚಾರ್ಯರು ಅದನ್ನು ಜಪದಲ್ಲಿಯೇ ಇರಿಸಿಹೋಗಿದ್ದಾರೆ.

ಗಡಿನಾಡಿನ ಮನೆಗಳಿಗೆ ಈ ಮಂತ್ರವು ಇನ್ನೊಂದು ಕಾರಣಕ್ಕಾಗಿ ಪ್ರಿಯವಾಗಬೇಕು. ಅದರ ಭಾಷೆ ಪ್ರಾಕೃತ. ಕನ್ನಡ, ಮರಾಠಿ, ಮಲಯಾಳ, ತಮಿಳು ಯಾವ ಮಾತಿನವರಿಗೂ ಅದು ಪರಕೀಯವಲ್ಲ. ಸಂಗೀತವೂ ಹಾಗೆಯೇ. ಸೊಲ್ಲಾಪುರದ ಕಡೆಯ ಮಗು ‘ಭೂಪ’ ಎಂದು ಕಲಿಯುವ ರಾಗದ ಐದು ಸ್ವರಗಳೇ ವಯನಾಡಿನ ಮಗು ‘ಮೋಹನ’ ಎಂದು ಕಲಿಯುವ ರಾಗದ ಸ್ವರಗಳು. ಆದರೆ ಅಜ್ಜಿಯ ಕನ್ನಡ ಹಾಡುಗಳ ಸ್ಥಿತಿ ಬೇರೆ. ಶಾಲೆಯಲ್ಲಿ ಮರಾಠಿ ಕಲಿಯುವ ಮಗುವಿಗೆ ಆರತಿಯ ಹಾಡನ್ನೋ ತೊಟ್ಟಿಲ ಹಾಡನ್ನೋ ನಾಗರಿ ಅಕ್ಷರಗಳಲ್ಲಿ ಬರೆದುಕೊಡುತ್ತೇವೆ. ಮರಾಠಿಯ ರೂಢಿಯ ಬರಹದಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಪ್ರತ್ಯೇಕ ಗುರುತಿಲ್ಲ. ‘ಕೊಡು’ ಎಂಬುದೂ ‘ಕೋಡು’ ಎಂಬುದೂ ಅಲ್ಲಿ ಒಂದೇ ಆಗಿ ಕಾಣುತ್ತವೆ. ಅರ್ಥವೂ ಕೆಡುತ್ತದೆ, ಮಾತ್ರೆ ಹೆಚ್ಚಿ ತಾಳವೂ ತಪ್ಪುತ್ತದೆ. ಬರೆದುಕೊಡುವುದು ತಪ್ಪಲ್ಲ, ಬರೆದುಕೊಟ್ಟು ಕೈತೊಳೆದುಕೊಳ್ಳುವುದು ತಪ್ಪು. ಆ ಹಾಡು ಅಜ್ಜಿಯ ಬಾಯಿಂದ ಮಗುವಿನ ಕಿವಿಗೆ ನೇರವಾಗಿ ಸಾಗಬೇಕು, ಅರ್ಥವನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಅಜ್ಜಿ ಇರುವಾಗಲೇ ಇದು ನಡೆಯಬೇಕು.

ಕೊನೆಯದಾಗಿ ನಮ್ಮ ಉತ್ಸವಗಳ ವೇದಿಕೆಯ ಮಾತು. ಭಕ್ತಿಗೀತೆಯ ಸ್ಪರ್ಧೆಯಲ್ಲಿ ಮೂವರಿಗೆ ಬಹುಮಾನ ದೊರೆಯುತ್ತದೆ. ಉಳಿದ ಮಕ್ಕಳು ತಾವು ಸೋತೆವೆಂದು ಮನೆಗೆ ಮರಳುತ್ತಾರೆ. ವೀತರಾಗನ ಮುಂದೆ ಹಾಡಿ ಸೋಲುವುದೆಂದರೇನು? ಮಗುವನ್ನು ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಚಿತ್ರೀಕರಿಸುವ ನಮ್ಮ ಉತ್ಸಾಹದಲ್ಲಿ ಭಕ್ತಿಯೆಷ್ಟು, ಅಭಿಮಾನವೆಷ್ಟು? ಜಿನಾಗಮವು ಎಚ್ಚರಿಸುವ ರಾಗವು ಮಗುವಿನ ಹಾಡಿನಲ್ಲಿರುವುದಕ್ಕಿಂತ ನಮ್ಮ ಚಪ್ಪಾಳೆಯ ಹಂಬಲದಲ್ಲಿಯೇ ಹೆಚ್ಚಾಗಿ ಅಡಗಿದೆ. ಸ್ಪರ್ಧೆಯ ಜೊತೆಗೆ ಎಲ್ಲ ಮಕ್ಕಳೂ ಕೂಡಿ ಹಾಡುವ ಒಂದು ವೇಳೆಯನ್ನಾದರೂ ಇರಿಸಿದರೆ ಒಳಿತು.

ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರರು ಒಂದು ಸುಂದರವಾದ ಉಪಮೆಯನ್ನು ಕೊಡುತ್ತಾರೆ. ವಾದಕನ ಕೈ ಸೋಂಕಿದೊಡನೆ ಮದ್ದಳೆಯು ನುಡಿಯುತ್ತದೆ, ಆದರೆ ತನಗಾಗಿ ಏನನ್ನೂ ಬಯಸುವುದಿಲ್ಲ. ಆಪ್ತನಾದ ಜಿನನೂ ಹಾಗೆಯೇ ರಾಗವಿಲ್ಲದೆ, ಸ್ವಾರ್ಥವಿಲ್ಲದೆ ಭವ್ಯರಿಗೆ ಹಿತವನ್ನು ಬೋಧಿಸುತ್ತಾನೆ. ವೀತರಾಗತೆಯನ್ನು ತಿಳಿಸಲು ಆಚಾರ್ಯರಿಗೆ ವಾದ್ಯದ ಉಪಮೆಯೇ ಒದಗಿತೆಂಬುದು ನಮ್ಮ ಪ್ರಶ್ನೆಗೆ ಉತ್ತರವೂ ಆಗಿದೆ. ಮಕ್ಕಳಿಗೆ ಸಂಗೀತ ಕಲಿಸುವ ತಂದೆತಾಯಂದಿರೂ ಆ ಮದ್ದಳೆಯಂತಿರಲಿ. ಮಗು ಗಾಯಕನಾದರೂ ಆಗದಿದ್ದರೂ, ಬಹುಮಾನ ಬಂದರೂ ಬಾರದಿದ್ದರೂ, ಅದರ ಕಿವಿ ತೆರೆದಿರಲಿ, ಬಾಯಿ ಹೆದರದಿರಲಿ.

ಜೈ ಜಿನೇಂದ್ರ.