ಸಿಡಿಯದ ಬಾಂಬು

ಆಪತ್ತಿನಿಂದ ಪಾರಾದವನು “ದೇವರು ಕಾಪಾಡಿದ” ಎನ್ನುತ್ತಾನೆ. ಎಷ್ಟು ಸಹಜವಾದ ಮಾತು! ಆದರೆ ಅದೇ ಆಪತ್ತಿನಲ್ಲಿ ಪಕ್ಕದವನು ಸತ್ತಿದ್ದರೆ, ಅವನ ಹೆಂಡತಿಯ ಮುಂದೆ ನಿಂತು ಈ ಮಾತನ್ನು ಆಡಬಹುದೆ? ಈ ಪ್ರಶ್ನೆ ನನಗೆ ಎದುರಾದದ್ದು ದೂರದ ಮಾಲ್ಟಾ ದ್ವೀಪದಲ್ಲಿ.

ಸಿಸಿಲಿಗೆ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಈ ದ್ವೀಪದ ಉದ್ದ ಸುಮಾರು 27 ಕಿಲೋಮೀಟರು. ಬೆಳಿಗ್ಗೆ ಬಾಡಿಗೆ ಕಾರು ತೆಗೆದುಕೊಂಡರೆ ಸಂಜೆಯೊಳಗೆ ಸುತ್ತಿ ಬರಬಹುದು. 1964ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಾಡಾದ್ದರಿಂದ ಅಲ್ಲಿಯೂ ವಾಹನಗಳು ರಸ್ತೆಯ ಎಡಗಡೆಯೇ ಓಡುತ್ತವೆ; ಕಾರು ನಡೆಸುತ್ತಿದ್ದ ಗೆಳೆಯರಿಗೆ ತೊಡಕಾಗಲಿಲ್ಲ. ಐದು ಸಾವಿರ ವರ್ಷಗಳಿಗೂ ಹಳೆಯದಾದ ಹಜಾರ್ ಇಮ್ ಶಿಲಾಮಂದಿರವನ್ನೂ ಕೋಟೆಯೊಳಗಿನ ಇಮ್ದೀನಾ ಪಟ್ಟಣವನ್ನೂ ನೋಡಿಕೊಂಡು ಮಧ್ಯಾಹ್ನ ಮೋಸ್ತಾ ಎಂಬ ಊರಿಗೆ ಬಂದೆವು.

ಅಲ್ಲಿನ ಚರ್ಚಿನ ಮೇಲೆ ಒಂದು ಭಾರಿ ಗುಮ್ಮಟ. 1942ರ ಏಪ್ರಿಲ್ 9ರ ಸಂಜೆ, ಜನ ಪೂಜೆಗೆ ನೆರೆದಿದ್ದಾಗ, ಜರ್ಮನ್ ವಿಮಾನದಿಂದ ಬಿದ್ದ ಬಾಂಬೊಂದು ಈ ಗುಮ್ಮಟವನ್ನು ತೂತು ಮಾಡಿ ಒಳಗೆ ಬಂದು ಉರುಳಿತು, ಸಿಡಿಯಲಿಲ್ಲ. ಒಳಗಿದ್ದವರು ಇನ್ನೂರೈವತ್ತಕ್ಕೂ ಮಿಗಿಲು. ಒಬ್ಬರೂ ಸಾಯಲಿಲ್ಲ. ಅಂಥದೇ ಒಂದು ಬಾಂಬಿನ ಪ್ರತಿಕೃತಿಯನ್ನು ಈಗ ಅಲ್ಲಿ ಇಟ್ಟಿದ್ದಾರೆ. ಭಕ್ತರು ಇದನ್ನು ಪವಾಡವೆನ್ನುತ್ತಾರೆ. ಭಕ್ತರಲ್ಲದವರು ಬಾಂಬಿನ ಕೀಲು ಕೆಟ್ಟಿತ್ತೆನ್ನುತ್ತಾರೆ.

ಅದೇ ವರ್ಷದ ಫೆಬ್ರವರಿ 15ರಂದು ರಾಜಧಾನಿ ವಲೆಟ್ಟಾದ ರೀಜೆಂಟ್ ಚಿತ್ರಮಂದಿರದ ಮೇಲೆ ಬಿದ್ದ ಬಾಂಬು ಸಿಡಿದು, ಸಿನಿಮಾ ನೋಡಲು ಕುಳಿತಿದ್ದ ಅನೇಕರು ಸತ್ತಿದ್ದರು. ಇವರು ಪ್ರಾರ್ಥಿಸುತ್ತಿದ್ದರು, ಅವರು ವಿನೋದದಲ್ಲಿದ್ದರು ಎಂದು ಯಾರಾದರೂ ಲೆಕ್ಕ ಹಾಕಿಯಾರು. ಆದರೆ ಏಪ್ರಿಲ್ 28ರಂದು ಫ್ಲೋರಿಯಾನಾದ ಸೇಂಟ್ ಪಬ್ಲಿಯಸ್ ಚರ್ಚಿನ ಗುಮ್ಮಟವೇ ಬಾಂಬಿಗೆ ಕುಸಿದು, ಆಶ್ರಯಕ್ಕೆಂದು ಅಲ್ಲಿ ಸೇರಿದ್ದವರಲ್ಲಿ ಕೆಲವರು ಸತ್ತರು. ಈಗ ಆ ಲೆಕ್ಕ ಏನಾಯಿತು? ಮೋಸ್ತಾದವರ ಭಕ್ತಿ ಹೆಚ್ಚಿನದು, ಫ್ಲೋರಿಯಾನಾದವರದು ಕಡಿಮೆ ಎನ್ನೋಣವೆ? ಹಾಗೆನ್ನುವ ಧೈರ್ಯ ಯಾವ ಧರ್ಮಿಷ್ಠನಿಗೂ ಬರಬಾರದು.

ಹಾಗಾದರೆ ಉಳಿದವನು ಕೃತಜ್ಞನಾಗಬಾರದೆ? ಖಂಡಿತ ಆಗಬೇಕು. ಸತ್ತೇ ಹೋದೆನೆಂದುಕೊಂಡವನು ಕಣ್ಣು ತೆರೆದು ಮತ್ತೆ ಬೆಳಕು ಕಂಡಾಗ ಕೈಮುಗಿಯದಿದ್ದರೆ ಅವನೆಂಥ ಮನುಷ್ಯ? ಕೀಲು ಕೆಟ್ಟಿತ್ತೆಂಬ ವಿವರಣೆ ಬಾಂಬಿಗೆ ಸಾಕು; ಬದುಕಿದವನಿಗೆ ಸಾಲದು. ತಪ್ಪಿರುವುದು ಕೈಮುಗಿಯುವುದರಲ್ಲಲ್ಲ, “ನಾನು ಯೋಗ್ಯನಾಗಿದ್ದೆ, ಆದುದರಿಂದ ಉಳಿದೆ” ಎಂದು ಅದಕ್ಕೊಂದು ಕಾರಣ ಸೇರಿಸುವುದರಲ್ಲಿ.

ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಮಾತುಗಳಿವೆ: ಪುಣ್ಯ, ಋಣ. ಉಳಿದದ್ದು ನನ್ನ ಪುಣ್ಯವೆಂದರೆ ಸತ್ತವನ ಮೇಲೆ ಪಾಪ ಹೊರಿಸಿದಂತಾಯಿತು. ಋಣವೆಂದರೆ ಯಾರ ಮೇಲೂ ಏನನ್ನೂ ಹೊರಿಸಿದಂತಾಗದು, ಹೊರೆಯೆಲ್ಲ ನನ್ನದೇ. ಬಾಡಿಗೆ ಕಾರನ್ನು ನಡೆಸುವವನು ಅದನ್ನು ತನ್ನ ಯೋಗ್ಯತೆಗೆ ಸಂದ ಬಹುಮಾನವೆಂದು ತಿಳಿಯುವುದಿಲ್ಲ. ಗೀರು ಬೀಳದಂತೆ ಜೋಪಾನ ಮಾಡಿ ಹಿಂತಿರುಗಿಸುತ್ತಾನೆ. ಆಯುಸ್ಸಿನ ವಿಷಯದಲ್ಲಿ ಅಷ್ಟು ಎಚ್ಚರವಿದ್ದರೆ ಸಾಕು.

ಮೋಸ್ತಾದ ಘಟನೆಯಾದ ಆರು ದಿನಗಳಿಗೆ, ಏಪ್ರಿಲ್ 15ರಂದು, ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ತನ್ನ ಹೆಸರಿನ ‘ಜಾರ್ಜ್ ಕ್ರಾಸ್’ ಪದಕವನ್ನು ಇಡೀ ದ್ವೀಪಕ್ಕೆ ಕೊಟ್ಟನು. ದೊರೆಗಳ ಪದಕಗಳಲ್ಲಿ ನನಗೆ ಅಷ್ಟೇನೂ ಗೌರವವಿಲ್ಲ. ಆದರೆ ಈ ಒಂದರಲ್ಲಿ ವಿವೇಕವಿತ್ತು: ಬಾಂಬು ಸಿಡಿದ ಮನೆಗೂ ಸಿಡಿಯದ ಮನೆಗೂ ಅದು ಭೇದವೆಣಿಸಲಿಲ್ಲ.