ಕಡಾಣಿ ಇಟ್ಟವರು ಯಾರು

ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿತು, ಕೈಕೇಯಿ ತನ್ನ ಬೆರಳನ್ನೇ ಅಚ್ಚಿನ ತೂತಿಗೆ ಕೊಟ್ಟು ಗಾಲಿ ಉಳಿಸಿದಳು ಎಂಬ ಕಥೆ ನಮ್ಮ ಅಜ್ಜಿಯರಿಂದ ಹಿಡಿದು ಹರಿಕಥೆ ದಾಸರವರೆಗೆ ಎಲ್ಲರ ಬಾಯಲ್ಲೂ ಇದೆ. (ವಾಲ್ಮೀಕಿಯಲ್ಲಿ ಈ ಬೆರಳಿನ ಮಾತಿಲ್ಲ, ಕಥೆಗೆ ಅದರಿಂದ ಕೊರತೆಯೇನೂ ಆಗಿಲ್ಲ.) ಬೆರಳಿಗೆ ವರ ಸಿಕ್ಕಿತು, ವರದಿಂದ ವನವಾಸವಾಯಿತು. ಆದರೆ ಆ ಕಡಾಣಿ ಇಟ್ಟವನು ಯಾರು, ಅದು ನಿಲ್ಲುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತೇ ಎಂದು ಯಾರೂ ವಿಚಾರಿಸಲಿಲ್ಲ. ಕಠೋಪನಿಷತ್ತಿನ ರಥದಲ್ಲೂ ಅವನಿಗೆ ಜಾಗವಿಲ್ಲ. ಅಲ್ಲಿ ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ. ದಾರಿ ತಪ್ಪಿದರೆ ಸಾರಥಿಯನ್ನು ಕೇಳಬೇಕು. ಸಾರಥಿ ಎಚ್ಚರವಾಗಿದ್ದು, ಕುದುರೆ ಪಳಗಿದ್ದು, ಲಗಾಮೇ ತುಂಡಾದರೆ ಯಾರನ್ನು ಕೇಳುವುದು? ಕೈಬಿಟ್ಟು ಹೋದ ವಸ್ತು ಮುಂದೆಂದೋ ಮಾಡುವ ಹಾನಿಯಲ್ಲಿ ಅದನ್ನು ಮಾಡಿದವನ ಪಾಲು ಎಷ್ಟು ಎಂಬ ಪ್ರಶ್ನೆಗೆ ನಮ್ಮ ರಥಗಳಿಗಿಂತ ಅಮೆರಿಕದ ಅಗ್ನಿಶಾಮಕ ಲಾರಿಗಳು ಹೆಚ್ಚು ಬೆಳಕು ಕೊಡುತ್ತವೆ.

ಅಲ್ಲಿ ಅಗ್ನಿಶಾಮಕ ಲಾರಿ, ಆಂಬುಲೆನ್ಸ್, ವಿಶೇಷ ಕೆಲಸದ ಟ್ರಕ್ಕುಗಳನ್ನು ಸ್ಟೇರಿಂಗ್ ದೋಷಕ್ಕಾಗಿ ಕಂಪನಿಗಳೇ ವಾಪಸ್ ಕರೆಯುವುದುಂಟು. ಭಾರಿ ಲಾರಿಯಲ್ಲಿ ಚಾಲಕನ ಕೈಯ ತಿರುವು ಸ್ಟೇರಿಂಗ್ ಬಾಕ್ಸಿಗೆ ಬಂದು, ಅಲ್ಲಿಂದ ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್ ಹಾದು ಮುಂಗಾಲಿಗಳಿಗೆ ತಲುಪುತ್ತದೆ. ಏರ್ ಬ್ರೇಕನ್ನು ಎರಡು ಸರ್ಕ್ಯೂಟುಗಳಾಗಿ ಒಡೆದಿರುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಸ್ಟೇರಿಂಗಿನ ಈ ಕೊಂಡಿಗಳ ಸಾಲಿಗೆ ಅಂಥ ಜೊತೆಯಿಲ್ಲ. ಒಂದು ನಟ್ಟು ಸಾಕಷ್ಟು ಬಿಗಿಯಾಗಿಲ್ಲದಿದ್ದರೆ, ಅದನ್ನು ಹಿಡಿದಿಡುವ ಸ್ಪ್ಲಿಟ್ ಪಿನ್ ಹಾಕಿಲ್ಲದಿದ್ದರೆ, ಕೊಂಡಿ ಕಳಚಿದ ಗಳಿಗೆಯಲ್ಲಿ ಚಾಲಕನ ಕೈಯಲ್ಲಿರುವುದು ಬರಿಯ ಚಕ್ರ. ಈ ವಾಹನಗಳನ್ನು ಒಬ್ಬನೇ ಮಾಡುವುದೂ ಇಲ್ಲ. ಸ್ಟೇರಿಂಗ್ ಬಾಕ್ಸ್ ಒಬ್ಬರದು, ಚಾಸಿ ಇನ್ನೊಬ್ಬರದು, ಅದರ ಮೇಲೆ ಪಂಪು, ಏಣಿ, ನೀರಿನ ಟ್ಯಾಂಕು ಕೂರಿಸುವವರು ಮತ್ತೊಬ್ಬರು. ಹಾಗಾಗಿ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ದೋಷ ಹಲವು ಹೆಸರಿನ ವಾಹನಗಳಲ್ಲಿ ಹರಡಿಕೊಂಡಿರಬಹುದು. ಕರ್ಮವನ್ನು ಒಬ್ಬ ಜೀವನ ಖಾತೆಗೆ ಬರೆಯುವ ನಮ್ಮ ಲೆಕ್ಕ ಇಲ್ಲಿ ತಡವರಿಸುತ್ತದೆ. ನೂರು ಕೈ ಸೇರಿ ಮಾಡಿದ ತಪ್ಪು ಯಾರ ಕೈಗೂ ಅಂಟುವುದಿಲ್ಲ ಎಂದುಬಿಡುವುದು ಸುಲಭ, ಅನುಕೂಲ ಕೂಡ.

ನನ್ನ ವಾದ ಇಷ್ಟು: ನೈತಿಕವಾಗಿ ತೂಗಬೇಕಾದದ್ದು ದೋಷವನ್ನಲ್ಲ, ಅನುಮಾನ ಹುಟ್ಟಿದ ದಿನಕ್ಕೂ ಅದನ್ನು ಹೇಳಿದ ದಿನಕ್ಕೂ ನಡುವಿನ ಅವಧಿಯನ್ನು. ಈ ವಿವೇಕ ಬಹಳ ಹಳೆಯದು. ಬೈಬಲ್ಲಿನ ವಿಮೋಚನಕಾಂಡದಲ್ಲಿ ಹಾಯುವ ಎತ್ತಿನ ಕಾನೂನು ಇದೆ. ಎತ್ತು ಒಬ್ಬನನ್ನು ಹಾದು ಕೊಂದರೆ ಎತ್ತಿಗೆ ಮರಣ, ಯಜಮಾನ ನಿರ್ದೋಷಿ. ಆದರೆ ಅದು ಮೊದಲಿಂದ ಹಾಯುವಂಥದ್ದೆಂದು ಯಜಮಾನನಿಗೆ ತಿಳಿಸಿದ್ದರೂ ಅವನು ಕಟ್ಟಿಹಾಕದೆ ಬಿಟ್ಟಿದ್ದರೆ ಅಪರಾಧ ಅವನದೂ ಹೌದು. ಎತ್ತು ಅದೇ, ಸಾವೂ ಅದೇ. ನಡುವೆ ಬಂದದ್ದು ತಿಳಿವಳಿಕೆ ಮಾತ್ರ. ಜೈನರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು, ಎಂದರೆ ಮೈಮರೆವನ್ನು, ಸೇರಿಸುತ್ತದೆ. ಎಚ್ಚರದಿಂದ ಕಾಲಿಟ್ಟವನ ಅಡಿಗೆ ಜೀವಿಯೊಂದು ಸಿಕ್ಕಿ ಸತ್ತರೂ ಅವನಿಗೆ ಬಂಧವಿಲ್ಲ, ಎಚ್ಚರಗೇಡಿಗೆ ಯಾವ ಜೀವಿ ಸಾಯದಿದ್ದರೂ ಹಿಂಸೆ ತಪ್ಪಿದ್ದಲ್ಲ ಎಂಬ ವಿಚಾರ ಕುಂದಕುಂದಾಚಾರ್ಯರ ಪ್ರವಚನಸಾರದಲ್ಲಿದೆ. ಅಂದರೆ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಇಲ್ಲಿ ನಡೆಯದು. ತಿಳಿಯಬೇಕಾದದ್ದನ್ನು ತಿಳಿಯದೆ ಉಳಿದೆಯಾ ಎಂಬುದೇ ಮುಂದಿನ ಪ್ರಶ್ನೆ. 2014ರಲ್ಲಿ ಜನರಲ್ ಮೋಟರ್ಸ್ ಸುಮಾರು 26 ಲಕ್ಷ ಕಾರುಗಳನ್ನು ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ ವಾಪಸ್ ಕರೆಯಿತು. ಓಡುವಾಗಲೇ ಸ್ವಿಚ್ಚು ಜಾರಿದರೆ ಎಂಜಿನ್ ನಿಲ್ಲುತ್ತಿತ್ತು, ಪವರ್ ಸ್ಟೇರಿಂಗ್ ಬಿಗಿದುಕೊಳ್ಳುತ್ತಿತ್ತು, ಅಪಘಾತವಾದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. ಒಳಗಿನವರಿಗೆ ಇದರ ಸುಳಿವು ಸಿಕ್ಕಿ ಹತ್ತು ವರ್ಷ ಮೀರಿತ್ತು. ನಡುವೆ ಆ ಭಾಗವನ್ನು ಬದಲಿಸಿದರು, ಅದರ ನಂಬರನ್ನು ಮಾತ್ರ ಬದಲಿಸಲಿಲ್ಲ. ಕಂಪನಿಯ ಪರಿಹಾರ ನಿಧಿಯೇ ಒಪ್ಪಿಕೊಂಡ ಸಾವುಗಳು 124. ಮೊದಲು ಮಾಡಿದ ಸ್ವಿಚ್ಚು ಕುಶಲತೆಯ ಸೋಲು. ಹಳೆಯ ನಂಬರಿನಡಿ ಬಂದ ಹೊಸ ಸ್ವಿಚ್ಚು ಬೇರೆಯದೇ ಜಾತಿಯ ಕೆಲಸ.

ಕರ್ಮದಲ್ಲಷ್ಟೇ ಅಧಿಕಾರ, ಫಲದಲ್ಲಿಲ್ಲ ಎಂಬ ಗೀತೆಯ ನಿಲುವನ್ನು ಮುಂದಿಟ್ಟು ಯಾರಾದರೂ ಆಕ್ಷೇಪಿಸಬಹುದು. ಆಗಿನ ತಿಳಿವಳಿಕೆಗೆ ತಕ್ಕಂತೆ ಶ್ರದ್ಧೆಯಿಂದ ಮಾಡಿ ಕೊಟ್ಟಮೇಲೆ ಮುಂದಿನದು ಮಾಡಿದವನ ಪಾಲಿನದಲ್ಲವಲ್ಲ? ಈ ಓದು ಆರಾಮದ ಓದು. ಬಿಡಬೇಕಾದದ್ದು ತನಗೆ ಬರುವ ಫಲದ ಆಸೆಯನ್ನು. ಇನ್ನೊಬ್ಬನ ಮೇಲೆ ಬೀಳುವ ಫಲದ ಕಾಳಜಿಯನ್ನು ಬಿಡಲು ಗೀತೆ ಎಲ್ಲೂ ಹೇಳಿಲ್ಲ. ಲೋಕಸಂಗ್ರಹದ ಮಾತು ಅದರಲ್ಲೇ ಇದೆ. ನಿಜ ನೋಡಿದರೆ ಫಲಾಸಕ್ತಿ ಇರುವವನೇ ದೋಷವನ್ನು ಮುಚ್ಚಿಡುವುದು. ಇಂಗ್ಲಿಷ್ ತತ್ತ್ವಜ್ಞ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ನೈತಿಕ ಅದೃಷ್ಟದ ಬಗ್ಗೆ ಬರೆಯುತ್ತ ಒಬ್ಬ ಲಾರಿ ಚಾಲಕನನ್ನು ಕಲ್ಪಿಸಿಕೊಂಡರು. ತನ್ನ ತಪ್ಪಿಲ್ಲದೆ ಅವನು ಮಗುವೊಂದರ ಮೇಲೆ ಗಾಡಿ ಹಾಯಿಸುತ್ತಾನೆ. ನಿನ್ನದೇನೂ ತಪ್ಪಿಲ್ಲ ಎಂದು ನಾವು ಸಮಾಧಾನ ಹೇಳುತ್ತೇವೆ, ಆದರೆ ಅವನು ಥಟ್ಟನೆ ಸಮಾಧಾನಗೊಂಡರೆ ನಮಗೇ ಅನುಮಾನ ಬರುತ್ತದೆ. ತಪ್ಪಿಲ್ಲದ ಕಡೆಯೂ ನಂಟು ಇರುತ್ತದೆ ಎಂದು ಆ ಅನುಮಾನ ತೋರಿಸುತ್ತದೆ. ಆ ಚಾಲಕ ಸಂಕಟಪಡಬಲ್ಲನೇ ಹೊರತು ಆದದ್ದನ್ನು ತಿದ್ದಲಾರ. ಲಾರಿ ಮಾಡಿದವನಿಗೆ ತಿದ್ದಲು ಇನ್ನೂ ಸಮಯವಿದೆ. ವಾಪಸ್ ಕರೆಯುವುದು ಹಾಗಾಗಿ ಪ್ರಾಯಶ್ಚಿತ್ತವಲ್ಲ. ಮಾರಿದ ದಿನಕ್ಕೆ ಮುಗಿಯಿತೆಂದು ತಿಳಿದಿದ್ದ ತಯಾರಿಕೆಯ ಉಳಿದ ಭಾಗ ಅದು.

ಇದೆಲ್ಲ ಕಾನೂನಿನ ಭಯಕ್ಕೆ ಮಾಡುವುದು, ಇದರಲ್ಲಿ ಧರ್ಮವೆಲ್ಲಿ ಬಂತು ಎಂಬ ಮಾತಿಗೂ ತೂಕವಿದೆ. 1966ರ ಕಾಯ್ದೆ ಬರುವ ತನಕ ಅಮೆರಿಕದಲ್ಲೂ ಕಂಪನಿಗಳು ಮನಸ್ಸಿದ್ದರೆ ತಿಳಿಸುತ್ತಿದ್ದವು, ಇಲ್ಲದಿದ್ದರೆ ಇಲ್ಲ. ಈಗ ದೋಷವಿದೆಯೆಂದು ತೀರ್ಮಾನವಾದ ಐದು ಕೆಲಸದ ದಿನಗಳೊಳಗೆ ಸರ್ಕಾರಕ್ಕೆ ವರದಿ ಹೋಗಬೇಕು, ದುರಸ್ತಿ ಪುಕ್ಕಟೆ ಆಗಬೇಕು. ಆದರೆ ಆ ಐದು ದಿನ ಶುರುವಾಗುವುದು ಯಾವಾಗ? ತೀರ್ಮಾನವಾದಾಗ. ತೀರ್ಮಾನಿಸುವವರು ಮೊದಲಿಗೆ ಕಂಪನಿಯವರೇ. ತೀರ್ಮಾನಕ್ಕೆ ಬರಬೇಕಾಗಿದ್ದವನು ಬಾರದೆ ಉಳಿದರೂ ಹೊಣೆ ತಪ್ಪದೆಂದು ಅಲ್ಲಿನ ನ್ಯಾಯಾಲಯ ಹೇಳಿದೆ. ಅದು ಪ್ರಮಾದದ ತತ್ತ್ವವೇ, ಇನ್ನೊಂದು ಭಾಷೆಯಲ್ಲಿ. ಆದರೆ ಆ ತೀರ್ಪು ಅನ್ವಯವಾಗುವುದು ತಡವಾದದ್ದು ಬಯಲಿಗೆ ಬಿದ್ದಮೇಲೆ. ಅದಕ್ಕೆ ಮುಂಚೆ ಮೂರನೆಯ ದೂರಿಗೇ ಫೈಲು ತೆರೆಯಬೇಕೋ ಮೂವತ್ತನೆಯದಕ್ಕೆ ಕಾಯಬೇಕೋ ಎಂಬುದನ್ನು ಒಬ್ಬ ಎಂಜಿನಿಯರ್ ತನ್ನ ಮೇಜಿನ ಮುಂದೆ ಕೂತು ನಿರ್ಧರಿಸಬೇಕು, ಮೇಲಿನವರ ಮುಖ ನೋಡಿಕೊಂಡು. ಭಯ ಅಲ್ಲಿಯವರೆಗೆ ತಲುಪುವುದಿಲ್ಲ. ನೂರು ಕೈಗಳ ನಡುವೆ ಕಳೆದುಹೋದ ಹೊಣೆ ಮತ್ತೆ ಒಬ್ಬನ ಹತ್ತಿರ ಬಂದು ನಿಲ್ಲುವುದೂ ಅಲ್ಲಿಯೇ.

ತುರ್ತು ವಾಹನದ ವಿಷಯಕ್ಕೆ ಬಂದರೆ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಾರನ್ನು ವಾಪಸ್ ಕರೆದರೆ ಮಾಲೀಕ ಬಸ್ಸು ಹತ್ತಿಯಾನು. ಒಂದೇ ಅಗ್ನಿಶಾಮಕ ಲಾರಿ ಇರುವ ಸಣ್ಣ ಊರಿನಲ್ಲಿ ಅದನ್ನು ವರ್ಕ್‌ಶಾಪಿಗೆ ಬಿಟ್ಟರೆ, ಆ ವಾರ ಬೆಂಕಿ ಬಿದ್ದ ಮನೆಗೆ ಹೋಗುವವರು ಯಾರು? ಅಲ್ಲಿನ ಅಗ್ನಿಶಾಮಕರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಬದಲಿ ಲಾರಿ ಕೊಳ್ಳುವ ಶಕ್ತಿ ಇಂಥ ಊರುಗಳಿಗೆ ಇರುವುದಿಲ್ಲ. ಕೆಲವು ಸಲ ಸುದ್ದಿಯನ್ನು ತಡೆದಿಡುವುದೇ ಕರುಣೆಯಲ್ಲವೇ? ಅಲ್ಲ, ಏಕೆಂದರೆ ಈ ತೂಗುವ ಕೆಲಸ ಕಂಪನಿಯದಲ್ಲ. ಕರ್ತವ್ಯದಲ್ಲಿ ಸಾಯುವ ಅಗ್ನಿಶಾಮಕರಲ್ಲಿ ಹೃದಯಾಘಾತದ ನಂತರ ಹೆಚ್ಚು ಜನ ಸಾಯುವುದು ವಾಹನ ಅಪಘಾತಗಳಲ್ಲಿ ಎಂಬುದು ಅಗ್ನಿಶಾಮಕರಿಗೆ ಗೊತ್ತಿರುವ ಸಂಗತಿ. ಎರಡು ಅಪಾಯಗಳ ನಡುವೆ ಆರಿಸಬೇಕಾದವರು ಲಾರಿಯಲ್ಲಿ ಕೂರುವವರು ಮತ್ತು ಆ ಊರಿನವರು. ನಿಧಾನವಾಗಿ ಓಡಿಸುವುದೋ, ದಿನವೂ ಆ ಕೊಂಡಿಯನ್ನು ನೋಡಿ ಹೊರಡುವುದೋ, ಪಕ್ಕದೂರಿನ ಲಾರಿ ಕೇಳುವುದೋ ಅವರ ತೀರ್ಮಾನ. ಹೊಸ ಭಾಗ ಸಿದ್ಧವಾಗಿರದಿದ್ದರೂ ಮಾಲೀಕರಿಗೆ ಮೊದಲು ತಿಳಿಸಿಬಿಡಬೇಕೆಂದು ಅಲ್ಲಿನ ನಿಯಮ ಹೇಳುವುದು ಇದೇ ಕಾರಣಕ್ಕೆ. ಅರಿವಿದ್ದು ಅಪಾಯಕ್ಕೆ ಇಳಿಯುವವನದು ತ್ಯಾಗ. ಅರಿವನ್ನು ಕಿತ್ತುಕೊಂಡು ಅವನನ್ನು ಇಳಿಸಿದರೆ ಅದು ಬಲಿ, ಮೆರವಣಿಗೆ ಎಷ್ಟೇ ದೊಡ್ಡದಿರಲಿ.

ಕಾಲದ ಮಿತಿಯೊಂದನ್ನು ಮಾತ್ರ ಈ ಕಾನೂನುಗಳು ಬಿಡಿಸಿಲ್ಲ. ಅಮೆರಿಕದಲ್ಲಿ ಪುಕ್ಕಟೆ ದುರಸ್ತಿಯ ಕಡ್ಡಾಯ ಮೊದಲ ಖರೀದಿಯಿಂದ 15 ವರ್ಷಕ್ಕೆ ಮುಗಿಯುತ್ತದೆ. 2021ರಿಂದ ಜಾರಿಯಲ್ಲಿರುವ ಭಾರತದ ಕಡ್ಡಾಯ ರೀಕಾಲ್ ನಿಯಮ 7 ವರ್ಷದೊಳಗಿನ ವಾಹನಗಳಿಗಷ್ಟೇ. ಅಗ್ನಿಶಾಮಕ ಲಾರಿಯ ಆಯಸ್ಸು ಬೇರೆ. 15 ವರ್ಷ ಮುಂಚೂಣಿಯಲ್ಲಿ, ಆಮೇಲೆ ಮೀಸಲಿನಲ್ಲಿ, 25ಕ್ಕೆ ನಿವೃತ್ತಿ ಎಂಬುದು ಅಲ್ಲಿನ ಅಗ್ನಿಸುರಕ್ಷಾ ಸಂಸ್ಥೆ ಎನ್‌ಎಫ್‌ಪಿಎ ಕೊಡುವ ಸಲಹೆ. ಅಲ್ಲಿಂದ ಮುಂದೆಯೂ ಅವುಗಳಲ್ಲಿ ಕೆಲವು ಬಡ ಊರುಗಳಿಗೆ ಮಾರಾಟವಾಗಿ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ದೇಶಗಳಿಗೆ ದಾನವಾಗಿ ಹೋಗಿ ಸೈರನ್ ಹಾಕಿಕೊಂಡು ಓಡುತ್ತಲೇ ಇರುತ್ತವೆ. 16ನೆಯ ವರ್ಷದಲ್ಲಿ ಪತ್ತೆಯಾದ ದೋಷಕ್ಕೆ ಬಿಟ್ಟಿ ದುರಸ್ತಿ ಮಾಡಿಕೊಡೆಂದು ಕಾನೂನು ಕಂಪನಿಯನ್ನು ಒತ್ತಾಯಿಸುವುದಿಲ್ಲ. ಉಮಾಸ್ವಾತಿಯ ಸೂತ್ರದಲ್ಲಿ ವರ್ಷಗಳ ಲೆಕ್ಕವೇ ಇಲ್ಲ.