ಇನ್ನು ಯಾರಿದ್ದಾರೆ?

2025ರಲ್ಲಿ ಅಮೆರಿಕದ ಸರ್ಕಾರ ತನ್ನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅನುದಾನವನ್ನು ಶೇಕಡಾ 40ರಷ್ಟು ಕಡಿತಗೊಳಿಸುವ ಪ್ರಸ್ತಾವ ಮುಂದಿಟ್ಟಿತು. ಆ ಸುದ್ದಿ ಓದುವಾಗ ನನ್ನ ಮನಸ್ಸು ಹೋದದ್ದು ನಮ್ಮ ಸೊರಬದ ಕಡೆಗೆ. ವೈದ್ಯಕೀಯ ಸಂಶೋಧನೆಗೆ ಸರ್ಕಾರವೇ ಯಾಕೆ ದುಡ್ಡು ಹಾಕಬೇಕು ಎಂದು ಕೇಳುವವರಿಗೆ ತೋರಿಸಲು ನಮ್ಮಲ್ಲಿ ಮಂಗನ ಕಾಯಿಲೆ ಇದೆ.

1957ರಲ್ಲಿ ಆ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಇದು ಉಣುಗು ಕಚ್ಚಿ ಹರಡುವ ಹೊಸ ವೈರಸ್ ಎಂದು ಕಂಡುಹಿಡಿದರು. ಆ ಕೇಂದ್ರ ಶುರುವಾದದ್ದು 1952ರಲ್ಲಿ. ಆಗ ಈ ಕಾಯಿಲೆಯ ಸುಳಿವೇ ಯಾರಿಗೂ ಇರಲಿಲ್ಲ. ಗೊತ್ತೇ ಇಲ್ಲದ ಕಾಯಿಲೆಗೆ ಐದು ವರ್ಷ ಮೊದಲೇ ಮಾಡಿಟ್ಟ ಖರ್ಚು ಅದು. ಯಾವ ಲೆಕ್ಕಪರಿಶೋಧಕ ಇದನ್ನು ಒಪ್ಪುತ್ತಿದ್ದನೋ ಕಾಣೆ.

ವರ್ಷಕ್ಕೆ ಕೆಲವು ನೂರು ಜನರಿಗೆ ಬರುವ ಕಾಯಿಲೆ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಅದೇ ಹಣವನ್ನು ಸಕ್ಕರೆ ಕಾಯಿಲೆಗೋ ಹೃದ್ರೋಗಕ್ಕೋ ಹಾಕಿದರೆ ಹೆಚ್ಚು ಜೀವ ಉಳಿಯುತ್ತದಲ್ಲ ಎಂದು ಗೆಳೆಯರೊಬ್ಬರು ವಾದಿಸಿದರು. ಇದನ್ನು ಕ್ರೂರವಾದ ಮಾತೆಂದು ತಳ್ಳಿಹಾಕಲಾರೆ. ಹಣ ಇರುವುದೇ ಅಷ್ಟು, ಒಂದು ಕಡೆ ಕೊಟ್ಟದ್ದು ಇನ್ನೊಂದು ಕಡೆ ಇಲ್ಲವಾಗುತ್ತದೆ. ಆದರೆ ತಲೆ ಎಣಿಸುವ ಮೊದಲು ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಸರ್ಕಾರ ಕೈಬಿಟ್ಟರೆ ಇವರಿಗೆ ಇನ್ನು ಯಾರಿದ್ದಾರೆ? ಸಕ್ಕರೆ ಕಾಯಿಲೆಯ ಮಾತ್ರೆಗೆ ಪ್ರಪಂಚದ ತುಂಬ ಗಿರಾಕಿಗಳಿದ್ದಾರೆ, ಆದ್ದರಿಂದ ಕಂಪನಿಗಳೂ ಇವೆ. ಕೊಟ್ಟಿಗೆಗೆ ತರಗೆಲೆ ಗುಡಿಸಿ ತರುವ ಮಲೆನಾಡಿನ ಹೆಂಗಸು ಯಾವ ಕಂಪನಿಗೂ ಗಿರಾಕಿಯಲ್ಲ. ಅಲ್ಲಿ ಸರ್ಕಾರ ಹಿಂದೆ ಸರಿದರೆ ಆ ಜಾಗ ಖಾಲಿಯೇ ಉಳಿಯುತ್ತದೆ. ಎಣಿಕೆಯಲ್ಲಿ ಕಡಿಮೆ ಇರುವವರ ಮೇಲೆ ಸರ್ಕಾರದ ಋಣ ಹೆಚ್ಚು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಲಸಿಕೆಯ ಕತೆ ನೋಡಿ. 1990ರಿಂದ ಕೊಡುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2013ರಲ್ಲೇ ಅಧ್ಯಯನ ಪ್ರಕಟವಾಗಿತ್ತು. 2022ರಲ್ಲಿ ಅದನ್ನು ನಿಲ್ಲಿಸಿದಾಗ ಬದಲಿ ಲಸಿಕೆ ಕೈಯಲ್ಲಿರಲಿಲ್ಲ. ಆರಂಭಿಸಬೇಕಾದದ್ದನ್ನು ಮುಂದೂಡುತ್ತ ಹೋಗುವುದನ್ನೂ ನಾನು ಕಡಿತವೆಂದೇ ಕರೆಯುತ್ತೇನೆ. ಆಸ್ಪತ್ರೆ ಮುಚ್ಚಿದರೆ ಜನ ರಸ್ತೆಗಿಳಿಯುತ್ತಾರೆ. ಶುರುವಾಗದ ಪ್ರಯೋಗದ ಪರವಾಗಿ ಧರಣಿ ಕೂತವರನ್ನು ನಾನಂತೂ ನೋಡಿಲ್ಲ.

ಈಗ ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬರುವವರೆಗೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಡೆಪಾ ತೈಲದ ಬಾಟಲಿ ಹಂಚುತ್ತಾರೆ. ಜನ ಅದನ್ನು ಕೈಕಾಲಿಗೆ ಸವರಿಕೊಂಡು ಕಾಡಿಗೆ ಹೋಗುತ್ತಾರೆ.